ಬೋಗುಣಿಯ ತಳದ ಬೂದು ಗೆರೆ

“ಒಂಬತ್ತನೇ ಕ್ಲಾಸು ಪಾಸಾಗಲಾರದಂವ ನನ್ನ ಭಸ್ಮ ಪಾಸೋ ಫೇಲೋ ನೋಡಾಕ ಹೊಂಟಿದ್ದ! ಲೇ ಬೀರ್ಯಾ, ಮಂದಿ ಉಚ್ಚಿ ಬಾಟ್ಲಿ ಹೊರಾಂವ ನೀ, ಪತ್ತೇದಾರ ಯಾವಾಗ ಆದಿ?”

ಮಸ್ಕಿಯ ಆ ಓಣಿಯ ಬೇವಿನ ಕಟ್ಟೆಯ ಮೇಲೆ ನಿಂತು, ಜಡ್ಡಾದವರಿಗೆ ಭಸ್ಮ ತಿನ್ನಲು ಕೊಡುವ ಕರಿಬಸಯ್ಯ ಲ್ಯಾಬಿನ ಕಾಗದವನ್ನು ತಲೆಯ ಮೇಲೆತ್ತಿ ಹಿಡಿದಿದ್ದ. ಸುತ್ತ ಮೂವತ್ತು ಮಂದಿ. ಚಹಾ ಕುಡಿಯುವವರು ಕಪ್ಪು ಕೆಳಗಿಳಿಸಿ ನಕ್ಕರು. ನೀರಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಓಣಿಯ ನಾಯಿಯೊಂದೇ ನಗಲಿಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟು: ಅಯ್ಯನವರ ಭಸ್ಮದಲ್ಲಿ ಸೀಸ ಇಲ್ಲ. ಅದು ಬರೀ ಸುಟ್ಟ ಸಗಣಿ ಕುಳ್ಳಿನ ಬೂದಿ.

ಎಂಟು ದಿನದ ಹಿಂದೆ ಇದೇ ಕಟ್ಟೆಯ ಮುಂದೆ ನಿಂತು, “ನನ್ನ ತಂಗಿ ಭಾಗ್ಯಾಗ ಸೀಸ ತಿನಿಸಾಕತ್ತಾಂವ ಈ ಅಯ್ಯನ” ಎಂದು ಕೂಗಿದ್ದವನು ಬೀರಲಿಂಗನೇ.

“ತಂಗಿ ಮೈಗಳ್ಳಿ, ಅಣ್ಣ ತಲಿತಿರುಕ. ಒಂದ ಬಳ್ಳಿ ಕಾಯಿ,” ಎಂದಳು ಕನಕಮ್ಮ. ಭಾಗ್ಯಳ ಅತ್ತೆ. ಅವಳು ಮಾತಾಡಿದ್ದು ಮೆಲ್ಲಗೇ. ಆದರೆ ಮಂದಿಗೆ ಕೇಳುವಷ್ಟು ಮೆಲ್ಲಗೆ.

ಕರಿಬಸಯ್ಯ ಕಾಗದವನ್ನು ಮಡಚಿ ಬೀರಲಿಂಗನ ಅಂಗಿಯ ಕಿಸೆಗೆ ತುರುಕಿದ. “ಭಸ್ಮಾ ಅಲ್ಲ ಅಂದ್ರ ಮತ್ಯಾರಪಾ? ಹೆಸರು ಹೇಳು.”

“ಹೇಳ್ತೀನ್ರೀ.” ಬೀರಲಿಂಗ ಕಟ್ಟೆಯ ಹತ್ತಿರ ಬಂದ. “ಇವತ್ತ ಹೊತ್ತು ಮುಣಗೂದ್ರೊಳಗ ಹೇಳ್ತೀನಿ. ಅಂವ ಯಾವನ ಇರಲಿ, ಕೊಳ್ಳಪಟ್ಟಿ ಹಿಡಿದು ಇದ ಕಟ್ಟಿ ಮುಂದ ನಿಂದ್ರಸ್ತೀನಿ.”

“ಎಲ್ರೂ ಕೇಳೀರಿ?” ಎಂದ ಕರಿಬಸಯ್ಯ.

ಎಲ್ಲರೂ ಕೇಳಿದ್ದರು.

ಬೀರಲಿಂಗನ ಊರು ಗುರುಗುಂಟಾ. ಶಾಲೆ ಬಿಟ್ಟವನು ಮೊದಲು ಕುರಿ ಕಾದ, ಆಮೇಲೆ ಸಿಂಧನೂರಿನ ಒಂದು ಬ್ಯಾಟರಿ ಅಂಗಡಿಯಲ್ಲಿ ಎರಡು ವರ್ಷ ಕೈ ಕಪ್ಪು ಮಾಡಿಕೊಂಡ. ಈಗ ಸಿಂಧನೂರಿನದೇ ಒಂದು ರಕ್ತಪರೀಕ್ಷೆ ಲ್ಯಾಬಿಗೆ ಬೈಕಿನ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ಮಸ್ಕಿ, ಲಿಂಗಸುಗೂರು ಸುತ್ತಿ ಸ್ಯಾಂಪಲ್ ತರುತ್ತಾನೆ, ರಿಪೋರ್ಟು ಮುಟ್ಟಿಸುತ್ತಾನೆ. ಇಪ್ಪತ್ತನಾಲ್ಕು ವಯಸ್ಸು. ಸಿಟ್ಟಿಗೆ ಮಾತ್ರ ವಯಸ್ಸಿಲ್ಲ.

ಹೈದರಾಬಾದಿಗೆ ಕಳಿಸಿದ್ದ ಭಾಗ್ಯಳ ರಕ್ತದ ರಿಪೋರ್ಟನ್ನು ಮುಟ್ಟಿಸಿದವನೂ ಅವನೇ. ಮೈತುಂಬ ಸೀಸ. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು.

ಸೀಸ ಇರುವುದು ಗೊತ್ತು. ಬರುವುದು ಎಲ್ಲಿಂದ ಎನ್ನುವುದೇ ಗೊತ್ತಿಲ್ಲ.

*

ಭಾಗ್ಯ ಹೊರಸಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಿಕೊಳ್ಳುತ್ತಿದ್ದಳು ಎನ್ನುವುದು ಸುಳ್ಳು. ಹಣಿಗೆಯನ್ನು ಕಿವಿಯ ತನಕ ಎತ್ತುವಳು, ಮಣಿಕಟ್ಟು ಸೋತು ಕೈ ಮುಂದಕ್ಕೆ ಜೋತುಬೀಳುವುದು, ಹಣಿಗೆ ಮಡಿಲಿಗೆ ಬೀಳುವುದು. ಮತ್ತೆ ಎತ್ತುವಳು.

“ಹೊರಗ ಏನು ಗದ್ದಲಣ್ಣಾ? ನಿನ್ನ ಮದವಿ ಮಾತೇನು?” ಎಂದು ನಕ್ಕಳು.

ನಕ್ಕಾಗ ಹಲ್ಲಿನ ಬುಡದಲ್ಲಿ ಆ ಗೆರೆ ಕಂಡಿತು. ಒಸಡಿನ ಅಂಚಿಗೆ ಯಾರೋ ನೀಲಿ ಪೆನ್ನಿನಿಂದ ಎಳೆದ ಹಾಗೆ. ಸೊಸೆ ಕದ್ದು ತಂಬಾಕಿನ ಪುಡಿ ಉಜ್ಜುತ್ತಾಳೆ ಎಂದು ಕನಕಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದು ತಂಬಾಕು ಅಲ್ಲ, ಸೀಸ ಬಿಟ್ಟ ಗುರುತು ಎಂದು ಬೀರಲಿಂಗನಿಗೆ ಹೇಳಿಕೊಟ್ಟವಳು ಲ್ಯಾಬಿನ ಮೆಹನಾಜ್ ಮೇಡಮ್.

ಹಣಿಗೆ ಮತ್ತೆ ಬಿತ್ತು. ಬೀರಲಿಂಗ ಅದನ್ನು ಎತ್ತಿಕೊಂಡು ತಂಗಿಯ ಹಿಂದೆ ಕೂತ. ಜಡೆ ಹಾಕಲು ಅವನಿಗೆ ಬಾರದು. ಕುರಿಯ ಉಣ್ಣೆ ಬಿಡಿಸಿದ ಹಾಗೆ ಬಿಡಿಸತೊಡಗಿದ.

“ಮೈಯಾಗ ಕಸುವ ಇಲ್ಲಣ್ಣಾ. ಒಂದು ಕೊಡ ಎತ್ತಿದ್ರ ಗುಡ್ಡ ಏರಿಳಿದಂಗ ಆಗತೈತಿ. ನಾ ಖರೇನ ಮೈಗಳ್ಳಿ ಆದ್ನೇನೋ.”

ಅವನ ಕೈ ನಿಂತಿತು.

ಹೋದ ವಾರ ಮೆಹನಾಜ್ ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ್ದಳು. ಭಾಗ್ಯಳ ಕೆಂಪು ರಕ್ತಕಣಗಳೊಳಗೆ ಸಾಸಿವೆ ಚೆಲ್ಲಿದ ಹಾಗೆ ನೀಲಿ ಚುಕ್ಕಿಗಳು.

“ಬೀರಣ್ಣ, ನಮ್ಮ ಮೈಯಾಗ ಎಷ್ಟು ಒಲಿ ಅದಾವ ಗೊತ್ತೇನು?” ಎಂದು ಕೇಳಿದ್ದಳು. “ಜೀವಕೋಶ ಅಂತಾರಲ್ಲ, ಒಂದೊಂದರಾಗ ನೂರಾರು. ಮೈಟೊಕಾಂಡ್ರಿಯಾ ಅಂತ ಹೆಸರು. ನೀ ಉಂಡ ರೊಟ್ಟಿ ಅಲ್ಲಿಗೆ ಕಟಿಗಿ ಆಗಿ ಹೋಗತೈತಿ. ಎಳಕೊಂಡ ಉಸಿರು ಊದುಗೊಳವಿ ಗಾಳಿ ಆಗಿ ಹೋಗತೈತಿ. ಅಲ್ಲಿ ಹುಟ್ಟೂ ಕಸುವಿನ ಮ್ಯಾಲ ನೀ ಬೈಕ್ ಒದಿಯೂದು, ಮಂದಿ ಕೂಡ ಜಗಳಾಡೂದು, ಎಲ್ಲಾ.”

“ಸೀಸ ಅಲ್ಲಿ ಏನ್ ಮಾಡತೈತ್ರಿ ಮೇಡಮ್?”

“ಸೀಸ ವೇಷಗಾರ. ಮೈಗೆ ಸುಣ್ಣದಂಶ ಬೇಕಲ್ಲ, ಕ್ಯಾಲ್ಸಿಯಂ? ಅದಕ್ಕಂತ ತೆರೆದ ಬಾಗಿಲದಾಗ ಇದು ಸುಣ್ಣದ ವೇಷಾ ಹಾಕ್ಕೊಂಡು ನುಸುಳತೈತಿ. ಒಲಿಯೊಳಗ ಹೋಗಿ ಕುಂದರತೈತಿ. ಉರಿ ಕಡಿಮಿ, ಹೊಗಿ ಜಾಸ್ತಿ. ಆ ಹೊಗಿಗೆ ಒಲಿನೂ ಬಿರಿತೈತಿ.”

“ಮತ್ತ ರಕ್ತದ ಗುಳಿಗಿ? ಐದು ತಿಂಗಳಾತು ನುಂಗಾಕತ್ತಾಳ.”

“ರಕ್ತ ಕೆಂಪಾಗಬೇಕಂದ್ರ ಅದಕ್ಕ ಕಬ್ಬಿಣ ಕೂಡಿಸಬೇಕು. ಎಲುಬಿನ ಮಜ್ಜಿಯೊಳಗ ರಕ್ತ ಹುಟ್ಟೂ ಹೊತ್ತಿನ್ಯಾಗ, ಆ ಕೂಡಿಸೂ ಕೆಲಸಾನೂ ಇದ ಒಲಿಯೊಳಗ ಆಗೂದು. ಸೀಸ ಅಡ್ಡ ಕುಂತ್ರ ಕಬ್ಬಿಣ ಬಾಗಲ ಹೊರಗ ನಿಂದರತೈತಿ. ಅಕಿ ಚೀಲ ಗುಳಿಗಿ ನುಂಗಿದ್ರೂ ಅಷ್ಟ.”

ಆಮೇಲೆ ಮೆಹನಾಜ್ ದನಿ ತಗ್ಗಿಸಿದ್ದಳು. “ಕೂಸಿನ ಕಡೇನೂ ಹರೀತೈತಿ, ಬೀರಣ್ಣ. ಸೋಮವಾರ ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ಅಲ್ಲಿ ಇಲಾಜು ಐತಿ. ಆದ್ರ ಅವರೂ ಮೊದಲ ಕೇಳೂದು ಒಂದ ಮಾತು, ಎಲ್ಲಿಂದ ಬರಾಕತ್ತೈತಿ? ಅದನ್ನ ನಿಂದ್ರಸದ ಇಲಾಜು ಮಾಡಿದ್ರ ತೂತುಗೊಡಕ್ಕ ನೀರು ಹಾಕಿದಂಗ.”

ಇವತ್ತು ಶನಿವಾರ.

“ನೀ ಮೈಗಳ್ಳಿ ಅಲ್ಲವಾ,” ಎಂದ ಬೀರಲಿಂಗ. “ನಿನ್ನ ಮೈಯಾಗಿನ ಒಲಿ ಆರಸಾಕತ್ತಾರ ಯಾರೋ.”

ಭಾಗ್ಯಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಲು ಅವನಿಗೂ ಬರಲಿಲ್ಲ.

*

ಸ್ಯಾಂಪಲ್ ಚೀಟಿಯ ಹಿಂಬದಿಯಲ್ಲಿ ಅವನ ಪಟ್ಟಿ ಇತ್ತು. ನೀರು: ಮೂವರೂ ಒಂದೇ ನಳದ್ದು ಕುಡಿಯುತ್ತಾರೆ, ಹೊಡೆದುಹಾಕಿದ್ದ. ಗೋಡೆಯ ಬಣ್ಣ: ಸುಣ್ಣ, ಹೊಡೆದುಹಾಕಿದ್ದ. ಕುಂಕುಮ, ಅರಿಷಿಣ: ಅತ್ತೆ ಸೊಸೆಗೆ ಒಂದೇ ಡಬ್ಬಿ. ಭಸ್ಮ: ಅದನ್ನು ಈಗತಾನೇ ಊರ ಮುಂದೆ ಹೊಡೆದುಹಾಕಿಸಿಕೊಂಡು ಬಂದಿದ್ದ.

ಮೆಹನಾಜ್ ಮನೆಯ ಉಳಿದ ಇಬ್ಬರ ರಕ್ತವನ್ನೂ ಕಳಿಸಿದ್ದಳು. ಭಾಗ್ಯಳ ಗಂಡ ಸಿದ್ದರಾಮೇಶನಲ್ಲಿ ಸೀಸ ಅಷ್ಟಿಷ್ಟು. ಕನಕಮ್ಮನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಒಂದೇ ಮನೆ, ಒಂದೇ ಒಲೆ. ಬಡಿಸುವ ಕೈ ಮಾತ್ರ ಚೊಕ್ಕ.

ಅವನು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ.

ಟಂಟಂ ಆಟೋ ಹೊಡೆಯುವ ಸಿದ್ದರಾಮೇಶ ಹನ್ನೊಂದರ ಹೊತ್ತಿಗೆ ಉಣ್ಣಲು ಬಂದ. ರೊಟ್ಟಿ, ಬದನೇಕಾಯಿ ಉಂಡು, ಬಾಯಿ ಒರೆಸಿಕೊಂಡು, “ಬೀರಣ್ಣಾ, ಅಯ್ಯಾರ ಕೂಡ ಯಾಕ ಬೇಕಾಗಿತ್ತೋ ಮಾರಾಯ,” ಎಂದು ಗೊಣಗಿ ಹೊರಟುಹೋದ. ಅವನೊಬ್ಬ ಗಂಡನೋ ಬಾಡಿಗೆಯವನೋ ಎಂದು ಬೀರಲಿಂಗನಿಗೆ ಎಷ್ಟೋ ಸಲ ಅನ್ನಿಸಿದ್ದಿದೆ.

ಆಮೇಲೆ ಕನಕಮ್ಮ ಸೊಸೆಗೆ ತಾಟು ತಂದಳು. ರೊಟ್ಟಿಯ ಮೇಲೆ ಹುಳಿಸೊಪ್ಪಿನ ಪುಂಡಿಪಲ್ಯ. ಮೊನ್ನೆ ಮಾಡಿದ್ದು. ಪುಂಡಿಪಲ್ಯ ಕೆಡುವುದಿಲ್ಲ, ದಿನ ಕಳೆದಷ್ಟೂ ಹುಳಿ ಏರಿ ರುಚಿ ಏರುತ್ತದೆ. ಮೊದಲ ದಿನ ಮೇಲಿನ ಬಿಸಿಯದು ಗಂಡಸರಿಗೆ. ಉಳಿದದ್ದು ಪಾತ್ರೆಯಲ್ಲೇ ಇರುತ್ತದೆ. ಮೂರನೆಯ ದಿನ ಕೆರೆದು ತೆಗೆದ ತಳ ಸೊಸೆಗೆ. ಹೀಗೆಂದು ಯಾವ ಶಾಸನದಲ್ಲೂ ಬರೆದಿಲ್ಲ, ಮಸ್ಕಿ ಗುಡ್ಡದ ಕಲ್ಲಿನ ಮೇಲೂ ಇಲ್ಲ. ಆದರೂ ಯಾರ ಮನೆಯಲ್ಲೂ ತಪ್ಪಿಲ್ಲ.

“ಡಾಕ್ಟರು ತಪ್ಪಲಪಲ್ಯ ತಿನ್ನು, ರಕ್ತ ಬರತೈತಿ ಅಂದಾರ,” ಎಂದಳು ಕನಕಮ್ಮ. “ದಿನಾ ಹಾಕಾಕತ್ತೀನಿ. ರಕ್ತನೂ ಬರವಲ್ದು, ಕೆಲಸಾನೂ ಆಗವಲ್ದು. ಜವಳಗೇರ್ಯಾಗ ನನ್ನ ಮಗಳು ಪ್ರಿಯಾಂಕಾನ್ನ ನೋಡು, ಎಂಟು ತಿಂಗಳ ಕೂಸು ಮುದುಕಿ ಕಡೆ ಬಿಟ್ಟು ನಾಟಿಗೆ ಹೋಗ್ತಾಳ. ಆ ಕೂಸರೆ ಹೊಟ್ಟಿನೋವು ಅಂತ ರಾತ್ರಿಯೆಲ್ಲಾ ಅಳತೈತಂತ. ಆದ್ರೂ ಹೋಗ್ತಾಳ.”

“ಅತ್ತಿ, ನೀ ಯಾಕ ಈ ಪಲ್ಯ ಉಣ್ಣಂಗಿಲ್ಲ?”

“ಹುಳಿ ಉಂಡ್ರ ಮೊಣಕಾಲು ಹಿಡೀತಾವ.”

“ಇವತ್ತೊಂದು ದಿನ ಉಣ್ಣು. ನನ್ನ ಮುಂದ ಒಂದು ತುತ್ತು.”

ಕನಕಮ್ಮ ಅವನನ್ನು ನೋಡಿದಳು. ಮಾತು ಎಲ್ಲಿಗೆ ಹೋಗಿ ನಾಟಿತೆಂದು ತಿಳಿಯಲು ಅವಳಿಗೆ ಒಂದು ಉಸಿರು ಹಿಡಿಯಿತು. ತಿಳಿದಾಗ ಮುಖ ಬಿಳಿಚಿತು.

“ನಾ ಹಾಕೀನಿ ಅಂತೀಯೇನು? ನನ್ನ ವಂಶದ ಕುಡಿಗೆ?”

ಅವಳು ಸೊಸೆಯ ತಾಟಿನಿಂದಲೇ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಸಾಲದೆಂದು ಒಳಗೆ ಹೋಗಿ ಪಾತ್ರೆಯನ್ನೇ ತಂದು ಅವನ ಮುಂದೆ ಕುಕ್ಕಿ, ಬೆರಳಿನಿಂದ ತಳ ಬಳಿದು ಇನ್ನೊಂದು ತುತ್ತು ನುಂಗಿದಳು. ಕಣ್ಣಲ್ಲಿ ನೀರು.

“ಸಾಕೋ? ಇನ್ನಾ ಉಣ್ಣಲೋ?”

ವಿಷ ಹಾಕಿದ ಕೈ ಹೀಗೆ ತನ್ನ ಬಾಯಿಗೆ ತಾನೇ ಬಡಿಸಿಕೊಳ್ಳುವುದಿಲ್ಲ. ಬೀರಲಿಂಗ ತಲೆ ಕೆಳಗೆ ಹಾಕಿದ.

ಕೆಳಗೆ ಹಾಕಿದ್ದರಿಂದಲೇ ಅದು ಕಂಡಿತು.

ಹಿತ್ತಾಳೆಯ ಬೋಗುಣಿ. ಅವನ ಅವ್ವನದು. ಭಾಗ್ಯಳ ಮದುವೆಯ ಗಡಿಬಿಡಿಯಲ್ಲಿ ಲಿಂಗಸುಗೂರಿನ ಉಸ್ಮಾನ್‌ಸಾಬನ ಹತ್ತಿರ ಕಲಾಯಿ ಮಾಡಿಸಿ ಕೊಟ್ಟದ್ದು. ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತು. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ, “ಅವ್ವನ ಕೈ ಹತ್ತಿದ್ದು” ಎಂದು ಭಾಗ್ಯ ಇಳಿಸಿ ತೊಳೆದು, ದಿನಬಳಕೆಗೆ ಇಟ್ಟುಕೊಂಡಿದ್ದಳು. ಒಳಗಿನ ಕಲಾಯಿ ಗೋಡೆಯ ಮೇಲೆ ಇನ್ನೂ ಮಂಕಾಗಿ ಇತ್ತು. ತಳದಲ್ಲಿ, ಪಲ್ಯ ಕೂರುವ ಜಾಗದಲ್ಲಿ, ಇಲಿ ತಿಂದ ಹಾಗೆ ಸವೆದಿತ್ತು. ಅಲ್ಲಲ್ಲಿ ಬಿಳಿಬೂದು ಪುಡಿ.

ಕಲಾಯಿ ಅವನು ಬೇಕಾದಷ್ಟು ನೋಡಿದ್ದ. ಸವೆದರೆ ಕಪ್ಪಾಗುತ್ತದೆ, ಹಿತ್ತಾಳೆ ಇಣುಕುತ್ತದೆ. ಹೀಗೆ ಬೂದಿ ಬಿಡುವುದಿಲ್ಲ.

ಪಾತ್ರೆಯನ್ನು ಹಿತ್ತಲಿಗೆ ಒಯ್ದು ತೊಳೆದು ಒರೆಸಿದ. ಸ್ಯಾಂಪಲ್ ಚೀಟಿಯನ್ನು ಮಡಚಿ ಅದರ ಅಂಚನ್ನು ಒಳಗೋಡೆಗೆ ಒತ್ತಿ ಎಳೆದ.

ಕಾಗದದ ಮೇಲೆ ಗೆರೆ ಮೂಡಿತು. ದಪ್ಪನೆ ಬೂದು ಗೆರೆ.

ಆ ಗೆರೆಯನ್ನು ಅವನು ಬಲ್ಲ. ಬ್ಯಾಟರಿ ಅಂಗಡಿಯಲ್ಲಿ ಹಳೇ ಸೀಸದ ತಗಡು ಕರಗಿಸಿ ತೆಂಗಿನ ಕರಟದಲ್ಲಿ ಹೊಯ್ಯುತ್ತಿದ್ದರು. ಆರಿದ ಗುಂಡಿನ ಮೇಲೆ ಒಬ್ಬೊಬ್ಬರೂ ಮೊಳೆಯಿಂದ ತಮ್ಮ ತಮ್ಮ ಅಕ್ಷರ ಗೀಚಿ ಇಡುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಅದೇ ಗುಂಡು ಹಿಡಿದು ರಟ್ಟಿನ ಮೇಲೆ ಆನೆ, ಟ್ರ್ಯಾಕ್ಟರು ಬರೆಯುವುದು. ಪೆನ್ಸಿಲಿಗಿಂತ ದಪ್ಪ, ಇದ್ದಿಲಿಗಿಂತ ತೆಳು. ಕಲಾಯಿಗೆ ಹಚ್ಚುವ ತವರ ಲೋಹವಾದರೆ ಹೀಗೆ ಬರೆಯುವುದಿಲ್ಲ.

ಅವನು ಕಳಿಸಿದ ಗೆರೆಯ ಫೋಟೋ ನೋಡಿ ಮೆಹನಾಜ್ ಕೂಡಲೇ ಫೋನು ಮಾಡಿದಳು.

“ಬರೇ ಗೆರಿ ನೋಡಿ ಫೈಸಲ್ ಮಾಡಬ್ಯಾಡ. ಪಾತ್ರಿ ಇಲ್ಲಿಗೆ ತಾ, ಪರೀಕ್ಷಾಕ್ಕ ಕಳಸೋಣು,” ಎಂದಳು. ಆಮೇಲೆ, “ಹುಳಿ ಎಷ್ಟು ದಿನ ಇಡ್ತಿದ್ರು ಅದರಾಗ?”

“ಮೂರು ದಿನ.”

“ಯಾ ಅಲ್ಲಾ. ಹುಳಿ ಸೀಸಾನ ಕೆರೆದು ಕೆರೆದು ಪಲ್ಯಕ್ಕ ಕೂಡಿಸೈತಿ. ತಳದ್ದು ಯಾರು ಉಣತಿದ್ರು?”

ಬೀರಲಿಂಗ ಫೋನು ಇಟ್ಟು ಒಳಗೆ ಬಂದು, ಇನ್ನು ಈ ಮನೆಯಲ್ಲಿ ಸ್ಟೀಲಿನ ಪಾತ್ರೆ ಬಿಟ್ಟು ಬೇರೆ ಒಲೆ ಏರಕೂಡದು ಎಂದು ಅತ್ತೆಗೆ ಹೇಳಿದ. ಬೋಗುಣಿಯನ್ನು ಚೀಲಕ್ಕೆ ಹಾಕಿದ.

“ಅವ್ವನ ಬೋಗಾಣಿ ಎಲ್ಲಿಗೆ ಒಯ್ತಿ?” ಎಂದಳು ಭಾಗ್ಯ.

“ಕಲಾಯಿ ಮಾಡಿದಾಂವನ ಮನಿಗೆ.”

*

ಲಿಂಗಸುಗೂರಿನ ದಾರಿಯುದ್ದಕ್ಕೂ ಅವನು ಒಂದೇ ಮಾತು ಜಪಿಸುತ್ತಿದ್ದ: ಮುದುಕಾ, ಸಿಕ್ಕಿಬಿದ್ದಿ. ತವರ ತುಟ್ಟಿ, ಸೀಸ ಅಗ್ಗ. ಯಾರು ನೋಡುತ್ತಾರೆ, ಬೆಳ್ಳಗಿದ್ದರೆ ಸಾಕು. ಬಡವರ ಮನೆ ಪಾತ್ರೆ, ಬಡವರ ಮನೆ ಹೊಟ್ಟೆ. ಹೊತ್ತು ಮುಳುಗುವುದರೊಳಗೆ ಮುದುಕನನ್ನು ಬೈಕಿನ ಹಿಂದೆ ಕೂರಿಸಿ ಕಟ್ಟೆಗೆ ಒಯ್ಯಬೇಕು.

ಉಸ್ಮಾನ್‌ಸಾಬ್ ಮನೆಯ ಮುಂದಿನ ಚಪ್ಪರದಡಿ ಕೂತಿದ್ದ. ಕಲಾಯಿ ಬಿಟ್ಟು ವರ್ಷವಾಗಿತ್ತು. ಕೆಂಡ ಊದುವ ತಿದಿ ಗೋಡೆಗೆ ನೇತುಬಿದ್ದಿತ್ತು, ಗಾಳಿ ಹೋದ ಪುಪ್ಪುಸದ ಹಾಗೆ. ಹೆಂಡತಿ ಲಾಲ್‌ಬೀ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

ಬೀರಲಿಂಗ ಬೈಕು ನಿಲ್ಲಿಸಲೂ ಇಲ್ಲ, ಬೀಳಿಸಿ ಬಂದ. ಒಂದು ಕೈಯಲ್ಲಿ ಬೋಗುಣಿ ಹಿಡಿದು, ಇನ್ನೊಂದನ್ನು ಮುದುಕನ ಕೊಳ್ಳಪಟ್ಟಿಗೆ ಹಾಕಿ ಎಬ್ಬಿಸಿದ.

“ಇದಕ್ಕ ಏನು ಬಳದಿ? ಹೇಳು! ನನ್ನ ತಂಗಿ ಸಾಯಾಕತ್ತಾಳ. ಏನು ಬಳದಿ ಇದಕ್ಕ?”

“ಅರೇ ಛೋಡೋ, ಮುದುಕ ಮನಶ್ಯಾ!” ಲಾಲ್‌ಬೀ ಮೊರ ಚೆಲ್ಲಿ ಎದ್ದಳು.

ಉಸ್ಮಾನ್‌ಸಾಬ್ ಅವಳಿಗೆ ಕೈಸನ್ನೆ ಮಾಡಿದ. ಕೊಳ್ಳಪಟ್ಟಿ ಬಿಡಿಸಿಕೊಳ್ಳಲೂ ನೋಡಲಿಲ್ಲ. ಎರಡೂ ಕೈ ಚಾಚಿ ಬೋಗುಣಿ ಇಸಿದುಕೊಂಡು, ಒಳಗೆ ಬೆರಳಾಡಿಸಿದ. ಮುಲ್ಲಾ ಪುಸ್ತಕದ ಮೇಲೆ ಬೆರಳಾಡಿಸಿದ ಹಾಗೆ, ಒಂದೊಂದೇ ಇಂಚು.

“ಕೈ ನಂದು,” ಎಂದ. “ತವರ ನಂದಲ್ಲ.”

“ಮತ್ತ ಯಾರಪ್ಪಂದು?”

“ಕುಂದರು. ಹೇಳ್ತೀನಿ.”

“ಕುಂದರಾಕ ಬಂದಿಲ್ಲ ನಾ!”

“ಆವತ್ತೂ ಹಿಂಗ ಅಂದಿದ್ದಿ.” ಮುದುಕ ಅವನ ಮುಖವನ್ನೇ ನೋಡುತ್ತಿದ್ದ. “ಆವತ್ತೂ ಹಿಂಗ ಕೊಳ್ಳಪಟ್ಟಿ ಹಿಡದಿದ್ದಿ. ಮರತಿ? ನಾಡದ ತಂಗಿ ಮದವಿ ಐತಿ, ಅವ್ವಗ ಥಳಥಳ ಹೊಳಿಯೂ ಪಾತ್ರಿ ಬೇಕು, ಇವತ್ತ ಕಲಾಯಿ ಆಗಬೇಕು ಅಂದಿ. ತವರ ತೀರೈತಪಾ, ಎಂಟು ದಿನ ತಡಿ, ಹೈದರಾಬಾದಿಂದ ಕಡ್ಡಿ ಬರತಾವ ಅಂದೆ. ಬಾಯಿಗೆ ಬಂದಂಗ ಬೈದಿ. ಹೋದಿ. ಸಂಜೀಕ ತಿರಗಿ ಬಂದಿ.”

ಬೀರಲಿಂಗನ ಹಿಡಿತ ಸಡಿಲಾಯಿತು. ಯಾಕೆಂದು ಅವನಿಗೇ ತಿಳಿಯಲಿಲ್ಲ.

“ಬಂದು ಕೈಚೀಲದಾಗಿಂದ ಒಂದು ಗುಂಡು ತಗದಿ. ‘ಇದೂ ಬೆಳ್ಳಗ ಹೊಳೀತೈತಿ, ಇದನ್ನ ಹಚ್ಚು’ ಅಂದಿ. ತಮ್ಮಾ, ಇದು ಸೀಸ, ಉಣ್ಣೂ ಪಾತ್ರಿಗೆ ನಡಿಯಂಗಿಲ್ಲ ಅಂದೆ. ‘ನನಗ ಕಲಸಬ್ಯಾಡ ಮುದುಕಾ, ದಿನಾ ಕೈಯಾಗ ಹಿಡೀತೀನಿ, ನನಗೇನಾಗೈತಿ’ ಅಂದಿ.”

“ಸುಳ್ಳು,” ಎಂದ ಬೀರಲಿಂಗ.

“ಲಾಲ್‌ಬೀ, ಆ ಡಬ್ಬಿ ತಾ.”

ಲಾಲ್‌ಬೀ ಒಳಗೆ ಹೋಗಿ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿ ತಂದಳು. ಕಲಾಯಿಗೆ ಬೇಕಾದ ನವಸಾಗರದ ಪೊಟ್ಟಣ, ಅರಳೆಯ ಉಂಡೆ, ಒಂದು ಮುರುಕು ಇಕ್ಕಳ. ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದೇನೋ ಇತ್ತು.

“ಅರ್ಧಾ ಉಳದಿತ್ತು,” ಎಂದಳು. “ಇವರು ಮತ್ಯಾರ ಪಾತ್ರಿಗೂ ಹಚ್ಚಲಿಲ್ಲ. ಒಗದ್ರ ಯಾವನರೆ ಆರಿಸಿಕೊಂಡು ಹೋಗ್ಯಾನು ಅಂತ ಇಟ್ಟಾರ.”

ಮುದುಕ ಬಟ್ಟೆ ಬಿಡಿಸಿದ. ಅರ್ಧ ಕರಗಿದ ಗುಂಡು. ತೆಂಗಿನ ಕರಟದ ಆಕಾರ ಇನ್ನೂ ಅಳಿಸಿರಲಿಲ್ಲ. ದುಂಡಗಿನ ಬೆನ್ನ ಮೇಲೆ ಮೊಳೆಯಿಂದ ಗೀಚಿದ ಒಂದು ಅಕ್ಷರ.

ಬೀ.

ಆ ಸೊಟ್ಟ ಗುಡಿಸು ಅವನದೇ. ಶಾಲೆಯಲ್ಲಿ ಮಾಸ್ತರು ಕೈ ಮೇಲೆ ಬಾರಿಸಿ ಬಾರಿಸಿ ತಿದ್ದಿದರೂ ಸರಿಹೋಗದ ಗುಡಿಸು.

ಎಲ್ಲಾ ಒಮ್ಮೆಲೇ ಬಂತು. ಆ ಸಂಜೆ, ತಿದಿಯ ಭುಸುಭುಸು, ಕೆಂಡ, ನವಸಾಗರದ ಬಿಳಿ ಹೊಗೆ. ಮುದುಕ ಅರಳೆಯಿಂದ ಒಮ್ಮೆ ತಿರುವಿ ಒರೆಸಿದೊಡನೆ ಬೋಗುಣಿಯೊಳಗೆ ಚಂದ್ರ ಮೂಡಿದ ಹಾಗೆ ಹೊಳೆದದ್ದು. ಅವ್ವ ಅದರಲ್ಲಿ ತನ್ನ ಮುಖ ನೋಡಿಕೊಂಡು ನಕ್ಕದ್ದು.

“ಕೈಯಿಗೆ ಕೊಡೂ ಮುಂದ ಮೂರು ಸಲ ಹೇಳಿದ್ದೆ,” ಎಂದ ಉಸ್ಮಾನ್‌ಸಾಬ್. “ಇದರಾಗ ಹುಳಿ ಹಾಕಬ್ಯಾಡ್ರಿ, ಅಟ್ಟದ ಮ್ಯಾಲ ಚಂದಕ್ಕ ಇಟ್ಕೋರಿ. ಮನ್ಯಾಗ ಹೇಳು ಅಂತ. ಬೈಕ್ ಒದಕೋತ ಹೂಂ ಅಂದಿ.”

ಹೂಂ ಅಂದಿದ್ದ. ಆ ಹೂಂ ಈಗ ಅವನ ಕಿವಿಯಲ್ಲಿ ಚೊಕ್ಕವಾಗಿ ಕೇಳಿಸಿತು. ಲ್ಯಾಬಿನಲ್ಲಿ ಸಾವಿರ ಚೀಟಿ ಮುಟ್ಟಿಸಿದ್ದಾನೆ, ಒಂದೂ ತಪ್ಪಿಲ್ಲ. ಅವ್ವನಿಗೆ ಮುಟ್ಟಿಸಬೇಕಾಗಿದ್ದದ್ದು ಒಂದೇ ಮಾತು.

“ನನ್ನ ಗುನ್ನೇನೂ ಕಬೂಲ್,” ಎಂದ ಮುದುಕ. “ನಾ ಮಾಡಬಾರದಾಗಿತ್ತು. ನಿನ್ನ ಸಿಟ್ಟಿಗೆ ಅಂಜಿದೆ. ಕೇಳಿದಲ್ಲಿ ಬಂದು ಹೇಳ್ತೀನಿ, ನಡಿ. ಎಲ್ಲಿಗೆ ಬರಬೇಕು?”

ಬೀರಲಿಂಗ ಚೆಲ್ಲಿದ ತೊಗರಿಯನ್ನು ನೋಡುತ್ತಾ ನಿಂತ. ಬಾಗಿ ನಾಲ್ಕು ಕಾಳು ಆರಿಸಿ ಮೊರಕ್ಕೆ ಹಾಕಿದ. ಮತ್ತೆ ನಾಲ್ಕು. ಲಾಲ್‌ಬೀ, “ಇರಲಿ ಬಿಡಪಾ,” ಎಂದಳು.

ಗುಂಡನ್ನು ಕಿಸೆಗೆ ಹಾಕಿಕೊಂಡು ಬೈಕು ಎತ್ತಿ ನಿಲ್ಲಿಸುವಾಗ ಹಿಂದಿನಿಂದ ಮುದುಕನ ದನಿ ಬಂತು.

“ಸಣ್ಣದು ಎಲ್ಲೈತಿ?”

“ಯಾವ ಸಣ್ಣದು?”

“ಎರಡು ತಂದಿದ್ದಿ ನೀ. ಬೋಗಾಣಿ ಒಂದು, ಮಜ್ಜಿಗಿ ತಂಬಿಗಿ ಒಂದು. ಎರಡಕ್ಕೂ ಅದನ್ನ ಹಚ್ಚೀನಿ.”

*

ಮಸ್ಕಿಗೆ ಬಂದಾಗ ಹೊತ್ತು ಗುಡ್ಡದ ನೆತ್ತಿಗೆ ತಾಗಿತ್ತು. ಕಟ್ಟೆಯ ಸುತ್ತ ಬೆಳಗಿನ ಮಂದಿಯೇ ಇದ್ದರು, ಅವರ ಜೊತೆ ಹೊಸಬರೂ ಇದ್ದರು. ಜಾತ್ರೆಗಿಂತ ಪುಕ್ಕಟೆ ತಮಾಷೆ ಯಾರಿಗೆ ಬೇಡ.

“ಬಂದ ನೋಡ್ರಿ ನಮ್ಮ ಪತ್ತೇದಾರ!” ಕರಿಬಸಯ್ಯ ಕಾಲು ಚಾಚಿ ಕೂತಿದ್ದ. “ಯಾಕಲೇ, ಒಬ್ಬನ ಬಂದಿ? ಕೊಳ್ಳಪಟ್ಟಿ ಹಿಡಕೊಂಡು ತರಾಂವಿದ್ದಿ?”

ಬೀರಲಿಂಗ ಅವನ ಕಡೆ ನೋಡದೆ ತಂಗಿಯ ಬಾಗಿಲಿಗೆ ನಡೆದ. ಕನಕಮ್ಮ ಹೊಸ್ತಿಲ ಒಳಗಿದ್ದಳು. ಭಾಗ್ಯ ಎದ್ದು ಬಂದು ಮೊಣಕೈಯಿಂದ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಹಸ್ತ ಹಿಡಿಯಲು ಬಾರದ್ದರಿಂದ ಮೊಣಕೈ. ಬೆಳಿಗ್ಗೆ ಅವನು ಹಾಕಿದ ಜಡೆ ಒಂದು ಕಡೆ ಬಿಚ್ಚಿಹೋಗಿತ್ತು.

“ಭಾಗ್ಯಾ, ಬೋಗಾಣಿ ಕೂಡ ಒಂದು ಸಣ್ಣ ತಂಬಿಗಿ ಇತ್ತಲ್ಲ. ಮಜ್ಜಿಗೀದು. ಎಲ್ಲೈತಿ?”

“ಅವ್ವನ ತಂಬಿಗಿ? ಅದು ಇಲ್ಲಿಲ್ಲಣ್ಣಾ.”

“ಎಲ್ಲೈತಿ?”

ಕನಕಮ್ಮ ಒಳಗಿನಿಂದ ಹೇಳಿದಳು. “ಪ್ರಿಯಾಂಕಾ ಒಯ್ದಾಳ, ಜವಳಗೇರಿಗೆ. ಕೂಸಿಗೆ ಮಜ್ಜಿಗಿ ಅನ್ನ ಚಾಲೂ ಮಾಡ್ಯಾಳಲ್ಲ, ಅದಕ್ಕ. ಹಿತ್ತಾಳಿ ತಂಬಿಗ್ಯಾಗಿಂದು ಕೊಟ್ರ ಕೂಸು ಗಟ್ಟಿ ಆಗತೈತಿ ಅಂತ ನಾನ ಕೊಟ್ಟು ಕಳಿಸೀನಿ.”

ರಾತ್ರಿಯೆಲ್ಲ ಹೊಟ್ಟೆನೋವೆಂದು ಅಳುವ ಎಂಟು ತಿಂಗಳ ಕೂಸು.

ಬೀರಲಿಂಗ ಫೋನು ತೆಗೆದು ಪ್ರಿಯಾಂಕಾಳ ನಂಬರು ಒತ್ತಿದ. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಈ ಹೊತ್ತಿನಲ್ಲಿ ಅವಳು ಇನ್ನೂ ಗದ್ದೆಯ ಬದುವಿನ ಮೇಲಿರುತ್ತಾಳೆ, ಫೋನು ಮನೆಯ ಗೂಡಿನಲ್ಲಿರುತ್ತದೆ. ಕೂಸಿನ ಹತ್ತಿರ ಯಾರೋ ಮುದುಕಿ, ಮುದುಕಿಯ ಕೈಯಲ್ಲಿ ತಂಬಿಗೆ.

“ಹೊತ್ತು ಮುಣಗಿತಪಾ!” ಕಟ್ಟೆಯ ಕಡೆಯಿಂದ ಕೂಗು. “ಹೆಸರು ಹೇಳು!”

“ಹೇಳಲೇ ಬೀರ್ಯಾ! ಯಾರಂವ?”

ಭಾಗ್ಯ ಅಣ್ಣನ ಮುಖ ನೋಡಿದಳು. ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಚಿಕ್ಕಂದಿನಿಂದ ಕಂಡ ಮುಖ. ಮೊಣಕೈಯನ್ನು ಚೌಕಟ್ಟಿನಿಂದ ಬಿಡಿಸಿಕೊಂಡು, ಜೋತುಬಿದ್ದ ಕೈಯನ್ನು ಅವನ ತೋಳಿಗೆ ತಾಗಿಸಿದಳು. ಹಿಡಿಯಲು ಆಗಲಿಲ್ಲ. ಸುಮ್ಮನೆ ತಾಗಿಸಿದಳು.

“ಸಿಕ್ಕಾನೇನಣ್ಣಾ? ಯಾರು ಮಾಡಿದ್ದು?” ಎಂದಳು. “ಅವನ್ನ ಬಿಡಬ್ಯಾಡ.”

ಫೋನು ಅವನ ಕಿವಿಯಲ್ಲಿ ರಿಂಗಾಗುತ್ತಿತ್ತು. ಕಿಸೆಯಲ್ಲಿ ಅರ್ಧ ಕರಟದಷ್ಟು ಸೀಸ ಅಂಗಿಯನ್ನು ಒಂದು ಬದಿಗೆ ಜಗ್ಗಿತ್ತು.

ಅವನು ತಂಗಿಯ ಕೈಯನ್ನು ಮೆಲ್ಲಗೆ ಎತ್ತಿ ಅವಳ ಹೊಟ್ಟೆಯ ಮೇಲಿಟ್ಟ. ತಿರುಗಿದ. ಮಂದಿ ದಾರಿ ಬಿಟ್ಟರು. ಕರಿಬಸಯ್ಯ ಏನೋ ಕೇಳಿದ, ಮತ್ತೊಮ್ಮೆ ಕೇಳಿದ. ಬೀರಲಿಂಗ ಕಟ್ಟೆಯನ್ನು ದಾಟಿ, ಬೈಕನ್ನೂ ದಾಟಿ ನಾಲ್ಕು ಹೆಜ್ಜೆ ಹೋದ, ಮರೆತದ್ದು ನೆನಪಾದವನಂತೆ ಹಿಂದಕ್ಕೆ ಬಂದು ಬೈಕು ಒದ್ದ. ಜವಳಗೇರಿಗೆ ಹೋಗಬೇಕಾದರೆ ಸಿಂಧನೂರು ದಾಟಬೇಕು.

“ಅಣ್ಣಾ!” ಎಂದಳು ಭಾಗ್ಯ. “ಯಾರು?”

ಅವನ ಬೈಕು ಆಗಲೇ ಸಿಂಧನೂರಿನ ದಾರಿ ಹಿಡಿದಿತ್ತು.